ಹಸಿರು ಮಸಾಲೆ ಕೋಳಿ ಪಲಾವ್: ಮೂರು ಲೋಟ ಅಕ್ಕಿ, ಆರು ಲೋಟದ ಲೆಕ್ಕ

ಮುಕ್ಕಾಲು ಕೆ.ಜಿ. ಬ್ರಾಯ್ಲರ್ ಕೋಳಿ ಬೇಯುವಾಗ ಎಷ್ಟು ನೀರು ಬಿಡುತ್ತದೆ? ಆಗಷ್ಟೇ ಕೊಯ್ಸಿಕೊಂಡು ತಂದದ್ದಾದರೆ ಅರ್ಧ ಲೋಟ, ಫ್ರೀಜರ್‌ನಿಂದ ತೆಗೆದದ್ದಾದರೆ ಒಂದು ಲೋಟದ ಹತ್ತಿರ. ಅದರ ಜೊತೆಗೆ ಮೊಸರಿನ ನೀರು, ಈರುಳ್ಳಿಯ ನೀರು, ರುಬ್ಬಲು ಹಾಕಿದ ನೀರು, ಮಿಕ್ಸಿ ಜಾರ್ ತೊಳೆದು ಸುರಿದ ನೀರು. ಇದ್ಯಾವುದನ್ನೂ ಲೆಕ್ಕಕ್ಕೆ ಹಿಡಿಯದೆ ‘ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು’ ಅಂತ ಅಳೆದು ಸುರಿದರೆ ಪಲಾವ್ ಮಾಡಲು ಹೊರಟವರ ಪಾತ್ರೆಯಲ್ಲಿ ಖಾರ ಪೊಂಗಲ್ ಸಿದ್ಧವಾಗಿರುತ್ತದೆ. ಹಾಗಾಗಿ ಈ ಅಡುಗೆಯಲ್ಲಿ ಬರಿ ನೀರನ್ನು ಅಳೆಯುವುದಿಲ್ಲ. ಕೋಳಿ ಬೆಂದ ಮೇಲೆ ಪಾತ್ರೆಯಲ್ಲಿ ಉಳಿದ ರಸವನ್ನು ಅಳೆದು, ಕಡಿಮೆ ಬಿದ್ದಷ್ಟು ಮಾತ್ರ ನೀರು ಸೇರಿಸುತ್ತೇವೆ. ಮಸಾಲೆ ಸ್ವಲ್ಪ ಹೆಚ್ಚು ಕಡಿಮೆಯಾದರೂ ಊಟ ಮಾಡಬಹುದು. ಅನ್ನ ಮುದ್ದೆಯಾದರೆ ಏನೂ ಮಾಡುವಂತಿಲ್ಲ.

ಇದು ಬೆಂಗಳೂರಿನ ಮಿಲಿಟರಿ ಹೋಟೆಲ್‌ಗಳಲ್ಲಿ ದೊನ್ನೆ ಬಿರಿಯಾನಿ ಅಂತ ಬಡಿಸುವ ಅಡುಗೆಯ ಮನೆ ರೂಪ. ಹೆಸರಿಗೆ ಬಿರಿಯಾನಿ, ಮಾಡುವ ಕ್ರಮ ಪಲಾವಿನದು: ಮಾಂಸ ಬೆಂದ ರಸದಲ್ಲೇ ಅಕ್ಕಿಯೂ ಬೇಯುತ್ತದೆ. (ಇದನ್ನು ಬಿರಿಯಾನಿ ಅನ್ನಬೇಕೋ ಪಲಾವ್ ಅನ್ನಬೇಕೋ ಎಂಬ ಜಗಳ ಊಟ ಆದಮೇಲೆ ಇಟ್ಟುಕೊಂಡರೆ ಒಳ್ಳೆಯದು.) ಭಟ್ಕಳದ ಕಡೆಯ ಬಿರಿಯಾನಿಗೆ ಅನ್ನ ಬೇರೆ, ಮಸಾಲೆ ಬೇರೆ ಮಾಡಿಕೊಂಡು ಪದರವಾಗಿ ಹರಡಿ ದಮ್ ಕಟ್ಟುತ್ತಾರೆ. ಅದಕ್ಕೆ ಎರಡು ದೊಡ್ಡ ಪಾತ್ರೆ, ಬಸಿಯಲು ಜಾಲರಿ, ಕೈಗೊಬ್ಬರು ಬೇಕು. ವಾರದ ಮಧ್ಯದ ರಾತ್ರಿಯೂಟಕ್ಕೆ ಅದು ಆಗುವ ಮಾತಲ್ಲ. ಇಲ್ಲಿ ಒಂದೇ ಪಾತ್ರೆ, ಒಂದೇ ಒಲೆ. ಅಕ್ಕಿ ನೆನೆಯುವ ಹೊತ್ತನ್ನೂ ಸೇರಿಸಿ ಒಂದೂವರೆ ಗಂಟೆ, ಅದರಲ್ಲಿ ಕೈಗೆ ಕೆಲಸ ಇರುವುದು 40 ನಿಮಿಷ. ಪಕ್ಕಕ್ಕೆ ಮೊಸರು ಬಜ್ಜಿ ಇದ್ದರೆ ಬೇರೆ ಸಾರು, ಪಲ್ಯ ಏನೂ ಬೇಡ.

ನಾಲ್ಕು ಜನಕ್ಕೆ ಬೇಕಾಗುವುದು

ಕೆಳಗಿನ ಲೆಕ್ಕದಲ್ಲಿ ಲೋಟ ಅಂದರೆ 200 ಮಿಲಿ. ನಿಮ್ಮ ಮನೆಯ ಲೋಟ ಬೇರೆ ಅಳತೆಯದ್ದಾದರೂ ಚಿಂತೆಯಿಲ್ಲ, ಅಕ್ಕಿಗೂ ರಸಕ್ಕೂ ಅದೇ ಲೋಟ ಬಳಸಿದರೆ ಸಾಕು.

ಅಕ್ಕಿ 3 ಲೋಟ, ತೂಕದಲ್ಲಿ ಸುಮಾರು 500 ಗ್ರಾಂ. ಮೂಳೆಸಹಿತ ಕೋಳಿ 750 ಗ್ರಾಂ. ಗಟ್ಟಿ ಮೊಸರು ಅರ್ಧ ಲೋಟ. ಈರುಳ್ಳಿ ಮಧ್ಯಮ ಗಾತ್ರದ್ದು 2. ಎಣ್ಣೆ 4 ದೊಡ್ಡ ಚಮಚ, ತುಪ್ಪ 2 ದೊಡ್ಡ ಚಮಚ. ಪುಡಿ ಉಪ್ಪು ಒಟ್ಟು 4 ಟೀ ಚಮಚ, ತಲೆ ಸಮ ಮಾಡಿದ್ದು. ಕಲ್ಲುಪ್ಪಾದರೆ ಚಮಚದಲ್ಲಿ ಕಡಿಮೆ ಹಿಡಿಯುತ್ತದೆ, 5 ಬೇಕಾಗಬಹುದು. ನಿಂಬೆಹಣ್ಣು 1.

ರುಬ್ಬಲು: ಕೊತ್ತಂಬರಿ ಸೊಪ್ಪು ಒಂದು ದೊಡ್ಡ ಹಿಡಿ ಕಂತೆ (60 ಗ್ರಾಂ), ಬಿಡಿಸಿದ ಪುದೀನ ಎಲೆ ಅದರ ಅರ್ಧ (30 ಗ್ರಾಂ), ಮೆಂತ್ಯ ಸೊಪ್ಪಿನ ಎಲೆ ಒಂದು ಚಿಕ್ಕ ಹಿಡಿ, ಹಸಿಮೆಣಸಿನಕಾಯಿ 8ರಿಂದ 10, ಬೆಳ್ಳುಳ್ಳಿ 15 ಎಸಳು, ಶುಂಠಿ ಎರಡು ಇಂಚು, ಸಾಂಬಾರ್ ಈರುಳ್ಳಿ 6. ಒಣ ಸಾಮಾನಿನಲ್ಲಿ ಚಕ್ಕೆ ಒಂದು ಇಂಚು, ಲವಂಗ 4, ಏಲಕ್ಕಿ 2, ಮೆಣಸು ಅರ್ಧ ಟೀ ಚಮಚ, ಸೋಂಪು ಒಂದು ಟೀ ಚಮಚ.

ಒಗ್ಗರಣೆಗೆ: ಪಲಾವ್ ಎಲೆ 2, ಚಕ್ಕೆ ಒಂದು ತುಂಡು, ಲವಂಗ 2, ಏಲಕ್ಕಿ 2, ಮರಾಠಿ ಮೊಗ್ಗು 1, ಅನಾನಸ್ ಹೂವು ಅರ್ಧ, ಕಲ್ಲುಹೂವು ಎರಡು ಬೆರಳಲ್ಲಿ ಹಿಡಿಯುವಷ್ಟು. ಕೊನೆಗೆ ಮೇಲೆ ಹಾಕಲು ಇನ್ನೊಂದು ಹಿಡಿ ಪುದೀನ ಎಲೆ ಬೇರೆ ಇಟ್ಟಿರಿ.

ಟೊಮೆಟೊ ಪಟ್ಟಿಯಲ್ಲಿಲ್ಲ, ಮರೆತದ್ದಲ್ಲ. ಟೊಮೆಟೊ ಬಿದ್ದರೆ ಹಸಿರು ಹೋಗಿ ಕಂದು ಬರುತ್ತದೆ, ಪುದೀನದ ವಾಸನೆಯೂ ಹಿಂದೆ ಸರಿಯುತ್ತದೆ. ಹುಳಿಗೆ ಮೊಸರು, ನಿಂಬೆ ಸಾಕು.

ಅಕ್ಕಿ

ದೊನ್ನೆ ಬಿರಿಯಾನಿಗೆ ಒಪ್ಪುವುದು ಜೀರಿಗೆ ಸಾಂಬ. ಕಾಳು ಗಿಡ್ಡ, ಸಣ್ಣ, ಬೆಂದರೂ ಒಂದಕ್ಕೊಂದು ಅಂಟುವುದಿಲ್ಲ, ಮಸಾಲೆಯ ರಸವನ್ನು ಚೆನ್ನಾಗಿ ಹೀರುತ್ತದೆ. ಸಿಗದಿದ್ದರೆ ಒಂದು ವರ್ಷ ಹಳೆಯ ಸೋನಾ ಮಸೂರಿ. ಹೊಸ ಅಕ್ಕಿ ಬೇಗ ಒಡೆದು ಗಂಜಿ ಬಿಡುತ್ತದೆ, ಇದಕ್ಕೆ ಬೇಡ. ಬಾಸ್ಮತಿ ಬಳಸಲು ಅಡ್ಡಿಯಿಲ್ಲ. ಆದರೆ ಅದರದ್ದೇ ಪರಿಮಳ ಪುದೀನದ ಜೊತೆ ಪೈಪೋಟಿಗೆ ಬೀಳುತ್ತದೆ, ರುಚಿ ಬೇರೆಯೇ ಆಗುತ್ತದೆ.

ಎರಡು ಸಲ ಮಾತ್ರ ತೊಳೆಯಿರಿ, ಉಜ್ಜಬೇಡಿ. 20 ನಿಮಿಷ ನೆನೆಸಿ, ಜಾಲರಿಗೆ ಸುರಿದು 10 ನಿಮಿಷ ಬಸಿಯಲು ಬಿಡಿ. ಈ ಬಸಿಯುವುದನ್ನು ಹಲವರು ಬಿಟ್ಟುಬಿಡುತ್ತಾರೆ. ಕೈಯಲ್ಲಿ ಒತ್ತಿ ನೀರು ತೆಗೆದು ಹಾಕಿದರೆ ಅಕ್ಕಿಯ ಜೊತೆ ಕಾಲು ಲೋಟ ನೀರು ಗುಟ್ಟಾಗಿ ಒಳಗೆ ಹೋಗಿರುತ್ತದೆ. ಒಂದು ಗಂಟೆಯವರೆಗೆ ನೆನೆಸಿಡುವುದೂ ತಪ್ಪು: ಕಾಳು ಮೆದುವಾಗಿ ಸೌಟು ತಾಗಿದರೆ ಮುರಿಯುತ್ತದೆ. ಅಕ್ಕಿಯನ್ನು ನೆನೆಹಾಕುವುದು ಈರುಳ್ಳಿ ಹೆಚ್ಚಲು ಕೂರುವ ಹೊತ್ತಿಗೆ, ಅದಕ್ಕೂ ಮುಂಚೆ ಬೇಡ.

ಕೋಳಿ

ಅಂಗಡಿಯಲ್ಲಿ ಹೇಳಬೇಕಾದ್ದು ಇಷ್ಟು: ಚರ್ಮ ತೆಗೆದು, ಮೂಳೆ ಹಾಗೇ ಇಟ್ಟು, ಮುಕ್ಕಾಲು ಕೆ.ಜಿ.ಗೆ 12 ತುಂಡು. ಸಾರಿಗೆ ಕೊಚ್ಚುವ ಹಾಗೆ ಚಿಕ್ಕದಾಗಿ ಕೊಚ್ಚಿಸಿದರೆ ಬೇಯುವ ಹೊತ್ತಿಗೆ ಮಾಂಸ ಕಳಚಿ ಮೂಳೆಚೂರು ಅನ್ನದಲ್ಲಿ ಸೇರುತ್ತದೆ, ತಿನ್ನುವವರ ಗಂಟಲಿಗೆ ಅಪಾಯ. ಕಾಲು, ತೊಡೆಯ ಭಾಗ ಹೆಚ್ಚಿದ್ದಷ್ಟೂ ಒಳ್ಳೆಯದು. ಎದೆಯ ಮಾಂಸ 15 ನಿಮಿಷಕ್ಕೆಲ್ಲ ಬೆಂದು, ಆಮೇಲೆ ನಾರಾಗುತ್ತದೆ. ತೊಡೆಯಲ್ಲಿ ಕೊಬ್ಬು ಇರುವುದರಿಂದ ದಮ್ಮಿನಲ್ಲಿ ಕೂತರೂ ಒಣಗುವುದಿಲ್ಲ. ಮೂಳೆಯಿಲ್ಲದ ತುಂಡಿನಲ್ಲೇ ಮಾಡುವುದಾದರೆ ರಸಕ್ಕೆ ಗುಣ ಕಡಿಮೆ, ಇದು ಮೊದಲೇ ಗೊತ್ತಿರಲಿ.

ಕೋಳಿಯನ್ನು ನಲ್ಲಿಯ ಕೆಳಗೆ ಜೋರಾಗಿ ತೊಳೆದರೆ ಸಿಡಿಯುವ ಹನಿಗಳ ಜೊತೆ ರೋಗಾಣುಗಳು ಸಿಂಕು, ಪಕ್ಕದ ಪಾತ್ರೆ, ಹೆಚ್ಚಿಟ್ಟ ಸೊಪ್ಪಿನವರೆಗೆ ಹೋಗುತ್ತವೆ. ತೊಳೆಯದೆ ಮನಸ್ಸು ಒಪ್ಪದಿದ್ದರೆ ಪಾತ್ರೆಯಲ್ಲಿ ನೀರು ಹಾಕಿ ಮೆಲ್ಲಗೆ ಅದ್ದಿ ತೆಗೆಯಿರಿ, ಸಿಂಕನ್ನು ಸೋಪು ಹಾಕಿ ತೊಳೆಯಿರಿ. ಆಮೇಲೆ ತುಂಡುಗಳನ್ನು ಜಾಲರಿಯಲ್ಲಿ 5 ನಿಮಿಷ ಬಸಿಯಲು ಬಿಡಿ. ಫ್ರೀಜರ್‌ನ ಕೋಳಿಯನ್ನು ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅಂತಸ್ತಿಗೆ ಇಳಿಸಿ ಕರಗಿಸಿ, ಕರಗಿದ ನೀರನ್ನು ಚೆಲ್ಲಿ.

ಮೊಸರನ್ನು ಗಂಟಿಲ್ಲದಂತೆ ಕಡೆದು, ಒಂದು ಟೀ ಚಮಚ ಉಪ್ಪು, ಕಾಲು ಟೀ ಚಮಚ ಅರಿಶಿನ, ಅರ್ಧ ನಿಂಬೆಯ ರಸದ ಜೊತೆ ಕೋಳಿಗೆ ಹಚ್ಚಿ ಅರ್ಧ ಗಂಟೆ ಬಿಡಿ. ಅರಿಶಿನ ಕಾಲು ಚಮಚ ಮೀರಿದರೆ ಪಲಾವ್ ಹಳದಿಗೆ ತಿರುಗುತ್ತದೆ. ತೀರಾ ಹುಳಿ ಮೊಸರು ಬೇಡ. ಬಿಸಿಗೆ ಅದು ಬೇಗ ಒಡೆದು ಕಾಳುಕಾಳಾಗುತ್ತದೆ.

ಮಸಾಲೆ

ಹಸಿರು ಮಸಾಲೆ ಕಹಿಯಾಗುವುದಕ್ಕೆ ನಾಲ್ಕೈದು ದಾರಿಗಳಿವೆ, ಎಲ್ಲವೂ ರುಬ್ಬುವ ಕಲ್ಲು ಅಥವಾ ಮಿಕ್ಸಿಯ ಬಳಿಯೇ ಶುರುವಾಗುತ್ತವೆ. ಪುದೀನದ ದಂಟು ಕಹಿ, ಎಲೆ ಮಾತ್ರ ಬಿಡಿಸಿಕೊಳ್ಳಿ. ಕೊತ್ತಂಬರಿಯ ಎಳೆ ದಂಟಿನಲ್ಲಿ ಎಲೆಗಿಂತ ಹೆಚ್ಚು ರುಚಿ ಇದೆ, ಅದನ್ನು ಬಿಸಾಡಬೇಡಿ, ಬೇರಿನ ಬುಡ ಮಾತ್ರ ಕತ್ತರಿಸಿ. ಮೆಂತ್ಯ ಸೊಪ್ಪು ಚಿಕ್ಕ ಹಿಡಿ ಅಂದರೆ ಚಿಕ್ಕ ಹಿಡಿಯೇ. ಹೋಟೆಲಿನ ಆ ಒಂದು ಘಮಕ್ಕೆ ಅದು ಬೇಕು, ಆದರೆ ಎರಡು ಹಿಡಿಯಾದರೆ ಉಳಿದೆಲ್ಲವನ್ನೂ ನುಂಗುತ್ತದೆ. ಲವಂಗ ಲೆಕ್ಕ ತಪ್ಪಿದರೆ ನಾಲಿಗೆ ಜೋಮು ಹಿಡಿದಂತಾಗುತ್ತದೆ. ಇನ್ನು ಮಿಕ್ಸಿಯನ್ನು ಬಿಡದೆ ಮೂರು ನಿಮಿಷ ಓಡಿಸಿದರೆ ಜಾರ್ ಬಿಸಿಯಾಗಿ ಸೊಪ್ಪು ಅಲ್ಲೇ ಬಾಡುತ್ತದೆ. ತಣ್ಣೀರು ಹಾಕಿ, 10 ಸೆಕೆಂಡ್ ಓಡಿಸಿ ನಿಲ್ಲಿಸಿ, ಮತ್ತೆ ಓಡಿಸಿ.

ಕ್ರಮ ಹೀಗೆ: ಮೊದಲು ಒಣ ಸಾಮಾನನ್ನು ನೀರಿಲ್ಲದೆ ಪುಡಿ ಮಾಡಿ. ಅದೇ ಜಾರಿಗೆ ಶುಂಠಿ, ಬೆಳ್ಳುಳ್ಳಿ, ಸಾಂಬಾರ್ ಈರುಳ್ಳಿ, ಮೆಣಸಿನಕಾಯಿ ಹಾಕಿ ತರಿಯಾಗಿ ತಿರುಗಿಸಿ. ಕೊನೆಗೆ ಸೊಪ್ಪು, ಕಾಲು ಲೋಟ ತಣ್ಣೀರು. ಎಲ್ಲವನ್ನೂ ಒಟ್ಟಿಗೆ ಸುರಿದರೆ ಸೊಪ್ಪು ನೀರಾದರೂ ಚಕ್ಕೆ ಚೂರು ಹಾಗೇ ಉಳಿಯುತ್ತದೆ, ಅದನ್ನು ನುಣ್ಣಗೆ ಮಾಡಲು ಇನ್ನಷ್ಟು ಓಡಿಸಬೇಕಾಗುತ್ತದೆ. ಚಟ್ನಿಯಷ್ಟು ನುಣ್ಣಗಾದರೆ ಸಾಕು.

ಕಲ್ಲುಹೂವಿನಲ್ಲಿ ಮರಳು, ತೊಗಟೆಚೂರು ಇರುತ್ತದೆ. ನೀರಲ್ಲಿ ಒಮ್ಮೆ ಅದ್ದಿ, ಹಿಂಡಿ ಹಾಕಿ. ಹಲ್ಲಿಗೆ ಮರಳು ಸಿಕ್ಕಿದ ಪಲಾವನ್ನು ಯಾರೂ ಎರಡನೇ ಸಲ ಬಡಿಸಿಕೊಳ್ಳುವುದಿಲ್ಲ.

ಸೌಟಿನ ಗುರುತು

ಒಲೆ ಹಚ್ಚುವ ಮೊದಲು ಎರಡು ನಿಮಿಷದ ಕೆಲಸ. ಪಲಾವ್ ಮಾಡುವ ಪಾತ್ರೆಗೆ, ಐದಾರು ಲೀಟರ್ ಹಿಡಿಯುವ ದಪ್ಪ ತಳದ್ದು ಬೇಕು, ಲೋಟದಲ್ಲಿ ಅಳೆದು 6 ಲೋಟ ನೀರು ಸುರಿಯಿರಿ. ಮರದ ಸೌಟನ್ನು ನೇರವಾಗಿ ತಳಕ್ಕೆ ತಾಗುವಂತೆ ಇಳಿಸಿ, ನೀರು ಎಲ್ಲಿಯವರೆಗೆ ಬಂತೋ ಅಲ್ಲಿ ದಾರ ಕಟ್ಟಿ ಅಥವಾ ಚಾಕುವಿನಲ್ಲಿ ಗೀರಿ. ನೀರು ಚೆಲ್ಲಿ ಪಾತ್ರೆ ಒರೆಸಿ. ಕೋಳಿ ಬೆಂದ ಮೇಲೆ ಬಿಸಿ ರಸವನ್ನು ಲೋಟಕ್ಕೆ ಬಗ್ಗಿಸಿ ಅಳೆಯುವ ಕಷ್ಟ ಇದರಿಂದ ತಪ್ಪುತ್ತದೆ. ಅದೇ ಪಾತ್ರೆ, ಅದೇ ಅಳತೆಗೆ ಆ ಗುರುತು ಮುಂದಿನ ಸಲಕ್ಕೂ ಬರುತ್ತದೆ.

ಯಾಕೆ 6 ಲೋಟ? ನೆನೆದ ಜೀರಿಗೆ ಸಾಂಬ ಬೇಯಲು ನಿಜವಾಗಿ ಬೇಕಾದ ನೀರು ಅಕ್ಕಿಯ ಒಂದೂ ಮುಕ್ಕಾಲು ಪಟ್ಟು, ಅಂದರೆ ಐದೂ ಕಾಲು ಲೋಟ. ಆದರೆ ಪಾತ್ರೆಯ ರಸದಲ್ಲಿ ಎಣ್ಣೆ, ತುಪ್ಪ, ಸೊಪ್ಪಿನ ನಾರು, ಈರುಳ್ಳಿಯ ತಿರುಳು ಎಲ್ಲ ಸೇರಿ ಮುಕ್ಕಾಲು ಲೋಟದಷ್ಟು ಜಾಗ ಹಿಡಿದಿರುತ್ತವೆ. ಅಕ್ಕಿ ಅದನ್ನು ಹೀರುವುದಿಲ್ಲ. ಎರಡೂ ಸೇರಿ 6. ಹಳೆಯ ಸೋನಾ ಮಸೂರಿಗೆ ಇದರ ಮೇಲೆ ಕಾಲು ಲೋಟ ಹೆಚ್ಚು, ಅರ್ಧ ಗಂಟೆ ನೆನೆದ ಬಾಸ್ಮತಿಗೆ ಮುಕ್ಕಾಲು ಲೋಟ ಕಡಿಮೆ.

ಒಲೆಯ ಮೇಲೆ

ಎಣ್ಣೆ ಮತ್ತು ಒಂದು ಚಮಚ ತುಪ್ಪ ಮಧ್ಯಮ ಉರಿಯಲ್ಲಿ ಕಾಯಲಿ. ಒಂದು ಲವಂಗ ಹಾಕಿ ನೋಡಿ. ಸಣ್ಣಗೆ ಗುಳ್ಳೆ ಬಂದು ಉಬ್ಬಿದರೆ ಹದ, ಚಟಪಟ ಸಿಡಿದು ಕಪ್ಪಾದರೆ ಎಣ್ಣೆ ಹೆಚ್ಚು ಕಾದಿದೆ. ಒಗ್ಗರಣೆ ಸಾಮಾನು ಅರ್ಧ ನಿಮಿಷ, ಆಮೇಲೆ ಉದ್ದಕ್ಕೆ ಹೆಚ್ಚಿದ ಈರುಳ್ಳಿ. ಈರುಳ್ಳಿ ಅಂಚಿನಲ್ಲಿ ಕೆಂಪಾಗುವ ತನಕ 8 ನಿಮಿಷ ಬೇಕು. ಪೂರ್ತಿ ಕಂದು ಮಾಡಬೇಡಿ, ಆ ಬಣ್ಣ ಅನ್ನಕ್ಕೆ ಇಳಿದು ಹಸಿರನ್ನು ಮುಚ್ಚುತ್ತದೆ.

ರುಬ್ಬಿದ ಮಸಾಲೆ ಹಾಕಿ 6ರಿಂದ 8 ನಿಮಿಷ ಹುರಿಯಿರಿ. ಅವಸರ ಮಾಡಬಾರದ ಜಾಗ ಇದು. ಮೊದಲ ಎರಡು ನಿಮಿಷ ಹಸಿ ಬೆಳ್ಳುಳ್ಳಿಯ ಘಾಟು ಮೂಗಿಗೆ ಹೊಡೆಯುತ್ತದೆ. ಅದು ಹೋಗಿ, ಮಸಾಲೆ ಗುಡ್ಡೆಯಾಗಿ, ಅಂಚಿನಲ್ಲಿ ಎಣ್ಣೆ ಬಿಡುವ ತನಕ ಕೈಯಾಡಿಸುತ್ತಿರಿ. ತಳ ಹಿಡಿಯುವಂತೆ ಕಂಡರೆ ಎರಡು ಚಮಚ ನೀರು ಚಿಮುಕಿಸಿ. ಗಿಳಿಹಸಿರು ಬಣ್ಣ ಆಲಿವ್ ಹಸಿರಿಗೆ ತಿರುಗುತ್ತದೆ, ಹೆದರಬೇಡಿ. ಬಿಸಿಗೂ, ಮುಂದೆ ಸೇರುವ ಮೊಸರಿನ ಹುಳಿಗೂ ಎಲೆಯ ಹರಿತ್ತು ಮುರಿಯುವುದರಿಂದ ಹಾಗಾಗುತ್ತದೆ, ಎಂಥ ಅಡುಗೆಯವರೂ ಅದನ್ನು ಪೂರ್ತಿ ತಡೆಯಲಾರರು. ಹೋಟೆಲಿನದರಂತೆ ಕಡುಹಸಿರು ಬರಲಿಲ್ಲ ಅಂತ ಬಣ್ಣದ ಪುಡಿಗೆ ಕೈ ಹಾಕುವ ಅಗತ್ಯವಿಲ್ಲ. ಕೊನೆಗೆ ಹಾಕುವ ಹಸಿ ಪುದೀನ ಕಣ್ಣಿಗೆ ಬೇಕಾದಷ್ಟು ಹಸಿರು ಕೊಡುತ್ತದೆ.

ಈಗ ಮೊಸರಿನ ಸಮೇತ ಕೋಳಿ. ಹಾಕುವ ಮೊದಲು ಉರಿ ತಗ್ಗಿಸಿ, ಮೊಸರು ಒಡೆಯದಂತೆ ಒಂದು ನಿಮಿಷ ತಿರುವಿ, ಆಮೇಲೆ ದೊಡ್ಡ ಉರಿಗೆ ಏರಿಸಿ. 4 ನಿಮಿಷದಲ್ಲಿ ತುಂಡುಗಳ ಮೈ ಬೆಳ್ಳಗಾಗುತ್ತದೆ. ಎರಡು ಟೀ ಚಮಚ ಉಪ್ಪು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 12 ನಿಮಿಷ. ಒಂದು ತೊಟ್ಟೂ ನೀರು ಸೇರಿಸಬೇಡಿ, ಕೋಳಿಯೇ ಬಿಡುತ್ತದೆ. ಮಧ್ಯೆ ಒಮ್ಮೆ ತಿರುವಿದರೆ ಸಾಕು. ಕಾಲಿನ ತುಂಡಿಗೆ ಮೂಳೆಯ ಹತ್ತಿರ ಚಾಕು ಚುಚ್ಚಿದಾಗ ಬರುವ ನೀರು ತಿಳಿಯಾಗಿದ್ದರೆ ಬೆಂದಿದೆ. ಕೆಂಪು ನೀರು ಬಂದರೆ ಇನ್ನು ಮೂರು ನಿಮಿಷ. ಅಡುಗೆ ಥರ್ಮಾಮೀಟರ್ ಇದ್ದರೆ ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು.

ತುಂಡುಗಳನ್ನು ಜಾಲಿಸೌಟಿನಿಂದ ಎತ್ತಿ ಶುಚಿಯಾದ ತಟ್ಟೆಗೆ ಹಾಕಿ ಮುಚ್ಚಿಡಿ. ಹಸಿಕೋಳಿ ಇಟ್ಟಿದ್ದ ತಟ್ಟೆ ಬೇಡವೇ ಬೇಡ. ತೆಗೆಯುವುದಕ್ಕೆ ಎರಡು ಕಾರಣ. ಕೋಳಿ ಒಳಗಿದ್ದರೆ ರಸದ ಮಟ್ಟ ಮೇಲೇರಿ ಸೌಟಿನ ಗುರುತು ಸುಳ್ಳು ಹೇಳುತ್ತದೆ. ಜೊತೆಗೆ, ಅಕ್ಕಿ ಕುದಿಯುವಾಗ ಕೈಯಾಡಿಸಿದರೆ ಮೆತ್ತಗಾದ ಮಾಂಸ ಚೂರಾಗುತ್ತದೆ.

ಸೌಟು ಇಳಿಸಿ ನೋಡಿ. ಸಾಮಾನ್ಯವಾಗಿ ಎರಡರಿಂದ ಎರಡೂವರೆ ಲೋಟ ರಸ ಇರುತ್ತದೆ. ಗುರುತಿನವರೆಗೆ ಕುದಿಯುವ ನೀರು ಸೇರಿಸಿ. ತಣ್ಣೀರು ಹಾಕಿದರೆ ಮತ್ತೆ ಕುದಿ ಬರುವ ತನಕ ಐದಾರು ನಿಮಿಷ ಹೋಗುತ್ತದೆ. ಉಳಿದ ಒಂದು ಟೀ ಚಮಚ ಉಪ್ಪು ಹಾಕಿ, ಕುದಿ ಬಂದ ಮೇಲೆ ಒಂದು ತೊಟ್ಟು ನಾಲಿಗೆಗೆ ಹಾಕಿ ನೋಡಿ. ಸಾರಿನ ಹದಕ್ಕಿಂತ ಉಪ್ಪು, ಖಾರ ಎರಡೂ ಒಂದು ಚೂರು ಮುಂದಿರಬೇಕು. ಈ ಹಂತದಲ್ಲಿ ಸರಿ ಅನ್ನಿಸಿದರೆ ಅನ್ನ ಬೆಂದ ಮೇಲೆ ಸಪ್ಪೆ.

ದೊಡ್ಡ ಉರಿಯಲ್ಲಿ ಕೊತಕೊತ ಕುದಿಯುತ್ತಿರುವಾಗ ಬಸಿದ ಅಕ್ಕಿಯನ್ನು ಹರಡಿ ಹಾಕಿ. ತಳದಿಂದ ಒಂದು ಸಲ ಎತ್ತಿ ತಿರುವಿ, ಸೌಟು ಪಕ್ಕಕ್ಕಿಡಿ. ಮುಚ್ಚದೆ 6ರಿಂದ 7 ನಿಮಿಷ. ನೀರು ಅಕ್ಕಿಯ ಮಟ್ಟಕ್ಕೆ ಇಳಿದು, ಮೇಲ್ಮೈಯಲ್ಲಿ ಏಡಿಯ ಬಿಲದಂತೆ ಸಣ್ಣ ಗುಳಿಗಳು ಕಾಣುವುದೇ ಸೂಚನೆ. ಗಡಿಯಾರಕ್ಕಿಂತ ಆ ಗುಳಿಗಳನ್ನು ನಂಬಿ. ಯಾಕೆಂದರೆ ಊರಿನ ಎತ್ತರದ ಮೇಲೆ ಹೊತ್ತು ಬದಲಾಗುತ್ತದೆ: ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಕರಾವಳಿಯಲ್ಲಿ ಸರಿಹೋದ ಲೆಕ್ಕಕ್ಕೆ ಘಟ್ಟದ ಮೇಲೆ ಎರಡು ನಿಮಿಷ ಹೆಚ್ಚು ಬೇಕು.

ಗುಳಿ ಕಂಡೊಡನೆ ಉರಿ ತಗ್ಗಿಸಿ. ಕೋಳಿಯ ತುಂಡುಗಳನ್ನು ಅಕ್ಕಿಯೊಳಗೆ ಅರ್ಧ ಹುದುಗುವಂತೆ ಒತ್ತಿ. ತಟ್ಟೆಯಲ್ಲಿ ಸೋರಿದ ರಸವನ್ನೂ ಸುರಿಯಿರಿ. ಮೇಲೆ ಪುದೀನ, ಉಳಿದ ತುಪ್ಪ, ಇನ್ನರ್ಧ ನಿಂಬೆಯ ರಸ. ಪಾತ್ರೆಯ ಬಾಯಿಗೆ ಒದ್ದೆ ಬಟ್ಟೆ ಸುತ್ತಿದ ಮುಚ್ಚಳ, ಅದರ ಮೇಲೆ ನೀರು ತುಂಬಿದ ಚೊಂಬು. ಬಟ್ಟೆಯ ತುದಿಯನ್ನು ಮೇಲಕ್ಕೆ ಮಡಚಿ ಕಟ್ಟಿ, ಉರಿಗೆ ತಾಗಬಾರದು. ಪಾತ್ರೆಯ ಕೆಳಗೆ ಹಳೆಯ ದೋಸೆ ಹೆಂಚು ಇಟ್ಟು ತೀರಾ ಸಣ್ಣ ಉರಿಯಲ್ಲಿ 12 ನಿಮಿಷ. ಆರಿಸಿ, ಇನ್ನು 15 ನಿಮಿಷ ಮುಟ್ಟಬೇಡಿ. ಮನೆಯವರು ಎಷ್ಟು ಸಲ ಬಂದು ‘ಆಯ್ತಾ?’ ಅಂದರೂ ಮುಚ್ಚಳ ಎತ್ತಬಾರದು. ಈ ಹೊತ್ತಿನಲ್ಲಿ ತಳದ ತೇವ ಮೇಲಕ್ಕೆ ಹಬೆಯಾಗಿ ಏರಿ ಮೇಲಿನ ಕಾಳುಗಳು ಬೇಯುತ್ತವೆ, ಒದ್ದೆಯಾಗಿದ್ದ ಕಾಳಿನ ಮೈ ಆರಿ ಗಟ್ಟಿಯಾಗುತ್ತದೆ. ಬಿಸಿಬಿಸಿ ಇರುವಾಗಲೇ ಕೆದಕಿದರೆ ಪ್ರತಿ ಕಾಳೂ ಎರಡು ತುಂಡು.

ಬಡಿಸುವಾಗ ಚಪ್ಪಟೆ ಸೌಟನ್ನು ಪಾತ್ರೆಯ ಅಂಚಿನಿಂದ ತಳಕ್ಕೆ ಇಳಿಸಿ ಮಗುಚಿ ಎತ್ತಿ. ನಡುವಿನಿಂದ ತೋಡಬೇಡಿ.

ವಿದೇಶದ ಮನೆಗಳಲ್ಲಿ ಕರೆಂಟಿನ ಕಾಯಿಲ್ ಒಲೆ ಇದ್ದರೆ ಒಂದು ತೊಡಕು ಇದೆ: ಉರಿ ತಗ್ಗಿಸಿದರೂ ಒಲೆ ಬೇಗ ತಣಿಯುವುದಿಲ್ಲ, ತಳ ಸೀಯುತ್ತದೆ. ದಮ್ಮಿಗೆ ಓವನ್ ಬಳಸಿ. 160 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿ, ಬಟ್ಟೆಯ ಬದಲು ಫಾಯಿಲ್ ಬಿಗಿದು, ಮೇಲೆ ಮುಚ್ಚಳ ಹಾಕಿ 20 ನಿಮಿಷ. ಹಿಡಿಕೆ ಪ್ಲಾಸ್ಟಿಕ್ ಆಗಿರದಂತೆ ನೋಡಿಕೊಳ್ಳಿ.

ಕುಕ್ಕರಿನಲ್ಲಿ

5 ಲೀಟರಿನ ಕುಕ್ಕರ್ ಸಾಕು. ಕೋಳಿಯನ್ನು ಮಸಾಲೆಯಲ್ಲಿ ಹುರಿಯುವ ತನಕ ಎಲ್ಲ ಒಂದೇ, ಆದರೆ 12 ನಿಮಿಷದ ಬದಲು 6 ನಿಮಿಷ ಬೇಯಿಸಿ. ಹಬೆ ಹೊರಗೆ ಹೋಗುವುದು ಕಡಿಮೆಯಾದ್ದರಿಂದ ರಸದ ಒಟ್ಟು ಲೆಕ್ಕ 6ರ ಬದಲು ಐದೂ ಕಾಲು ಲೋಟ. ಅಕ್ಕಿ, ಕೋಳಿ ಎರಡನ್ನೂ ಹಾಕಿ ಕುದಿ ಬಂದಮೇಲೆ ಮುಚ್ಚಳ ಬಿಗಿದು ಒಂದೇ ವಿಷಲ್, ಆರಿಸಿ. ಒತ್ತಡ ತಾನಾಗಿ ಇಳಿಯಲಿ. ತೂಕ ಎತ್ತಿ ಹಬೆ ಬಿಟ್ಟರೆ ಒಳಗಿನ ನೀರು ಥಟ್ಟನೆ ಕುದಿದೆದ್ದು ಕಾಳನ್ನು ಒಡೆಯುತ್ತದೆ. ಮೂರು ವಿಷಲ್ ಕೂಗಿಸುವವರ ಪಲಾವ್ ಮೆತ್ತಗಾಗುವುದರಲ್ಲಿ ಆಶ್ಚರ್ಯವಿಲ್ಲ. ರುಚಿಯಲ್ಲಿ ಪಾತ್ರೆಯದೇ ಮೇಲು, ಕುಕ್ಕರಿನದು ಬೇಗ.

ನಾಟಿ ಕೋಳಿಗೆ ಕ್ರಮವೇ ಬೇರೆ. ಅದರ ಮಾಂಸ ಗಟ್ಟಿ, ಅಕ್ಕಿ ಬೇಯುವ ಹೊತ್ತಿಗೆ ಅದು ಬೇಯುವುದಿಲ್ಲ. ಉಪ್ಪು, ಅರಿಶಿನ, ಎರಡು ಲೋಟ ನೀರು ಹಾಕಿ 4ರಿಂದ 5 ವಿಷಲ್ ಕೂಗಿಸಿ. ಎಳೆಯದಾದರೆ ಅಷ್ಟಕ್ಕೇ ಬೇಯುತ್ತದೆ, ಬಲಿತ ಹುಂಜವಾದರೆ ಇನ್ನೆರಡು. ಮೊಸರನ್ನು ಮಸಾಲೆ ಹುರಿದಮೇಲೆ ಸೇರಿಸಿ, ಕುಕ್ಕರಿನ ನೀರನ್ನು ಪಲಾವಿನ ರಸಕ್ಕೆ ಬಳಸಿ. ಆ ಸಾರದ ಮುಂದೆ ಬ್ರಾಯ್ಲರ್ ಏನೂ ಅಲ್ಲ.

ಎಂಟು ಜನಕ್ಕೆ ಎಲ್ಲವನ್ನೂ ಎರಡರಷ್ಟು ಮಾಡುವಾಗ ರಸವನ್ನು ಮಾತ್ರ 12ರ ಬದಲು 11 ಲೋಟಕ್ಕೆ ನಿಲ್ಲಿಸಿ. ಪಾತ್ರೆಯ ಬಾಯಿ ಎರಡರಷ್ಟು ಅಗಲವಾಗುವುದಿಲ್ಲ, ಹಾಗಾಗಿ ಆವಿಯಾಗಿ ಹೋಗುವುದೂ ಎರಡರಷ್ಟಾಗುವುದಿಲ್ಲ. ಹಸಿಮೆಣಸಿನಕಾಯಿ ಒಂದೂವರೆ ಪಟ್ಟು, ಲವಂಗವೂ ಅಷ್ಟೇ.

ಕೈ ತಪ್ಪಿದಾಗ

ಮುಚ್ಚಳ ತೆಗೆದಾಗ ಅಕ್ಕಿಯಲ್ಲಿ ಇನ್ನೂ ನಡುಗಾಳು ಗಟ್ಟಿಯಿದ್ದು ತಳ ಒಣಗಿದ್ದರೆ, ಕಾಲು ಲೋಟ ಬಿಸಿನೀರಿಗೆ ಚಿಟಿಕೆ ಉಪ್ಪು ಹಾಕಿ ಸುತ್ತಲೂ ಚಿಮುಕಿಸಿ, ಮತ್ತೆ ಮುಚ್ಚಿ 6 ನಿಮಿಷ ಸಣ್ಣ ಉರಿ. ತಳ ಬೆಂದು ಮೇಲಿನದು ಮಾತ್ರ ಗಟ್ಟಿ ಉಳಿದಿದ್ದರೆ ನೀರಿನ ತಪ್ಪಲ್ಲ, ಮುಚ್ಚಳದಿಂದ ಹಬೆ ಸೋರಿದೆ. ಒದ್ದೆ ಬಟ್ಟೆ ಬಿಗಿಯಾಗಿ ಸುತ್ತಿ.

ನೀರು ಹೆಚ್ಚಾಗಿದ್ದರೆ ತಿರುವಬೇಡಿ, ತಿರುವಿದಷ್ಟೂ ಗಂಜಿ ಬಿಡುತ್ತದೆ. ಅಗಲ ಪರಾತಕ್ಕೆ ತೆಳ್ಳಗೆ ಹರಡಿ ಫ್ಯಾನ್ ಕೆಳಗೆ 5 ನಿಮಿಷ ಇಡಿ. ಪೂರ್ತಿ ಸರಿಯಾಗದು, ಆದರೆ ಬಡಿಸುವಂತಾಗುತ್ತದೆ.

ಸೀದ ವಾಸನೆ ಮೂಗಿಗೆ ಬಂದರೆ ಆ ಕ್ಷಣವೇ ಇಳಿಸಿ, ಪಾತ್ರೆಯ ತಳವನ್ನು ತಣ್ಣೀರಿನ ತಟ್ಟೆಯಲ್ಲಿ ಒಂದು ನಿಮಿಷ ಕೂರಿಸಿ. ಮೇಲಿನ ಮುಕ್ಕಾಲು ಭಾಗವನ್ನು ಬೇರೆ ಪಾತ್ರೆಗೆ ಎತ್ತಿ. ತಳ ಕೆರೆದಿರೋ, ಎಲ್ಲಕ್ಕೂ ವಾಸನೆ ಹಿಡಿಯುತ್ತದೆ.

ಉಪ್ಪು ಜಾಸ್ತಿಯಾದರೆ ಆಲೂಗಡ್ಡೆ ಹಾಕಿದರೆ ಹೀರುತ್ತದೆ ಅನ್ನುವ ಮಾತು ಎಲ್ಲ ಮನೆಗಳಲ್ಲೂ ಇದೆ. ಆಲೂಗಡ್ಡೆ ಉಪ್ಪುನೀರು ಕುಡಿದು ತಾನೂ ಉಪ್ಪಾಗುತ್ತದೆ, ಉಳಿದ ರಸದ ಉಪ್ಪು ಅಷ್ಟೇ ಇರುತ್ತದೆ. ಅಕ್ಕಿ ಹಾಕುವ ಮೊದಲು ಗೊತ್ತಾದರೆ ಒಂದು ಲೋಟ ರಸ ತೆಗೆದು ಅಷ್ಟೇ ನೀರು ಹಾಕಿ. ಬೆಂದಮೇಲೆ ಗೊತ್ತಾದರೆ ಉಪ್ಪಿಲ್ಲದ ಅನ್ನ ಒಂದಿಷ್ಟು ಮಾಡಿ ಬೆರೆಸುವುದೊಂದೇ ದಾರಿ, ಮೊಸರು ಬಜ್ಜಿಗೂ ಉಪ್ಪು ಹಾಕಬೇಡಿ. ತೆಗೆದ ರಸವನ್ನು ಚೆಲ್ಲಬೇಡಿ, ಮೊಟ್ಟೆ ಬೇಯಿಸಿ ಹಾಕಿದರೆ ಮರುದಿನ ಚಪಾತಿಗೆ ಸಾರಾಗುತ್ತದೆ.

ಮಿಕ್ಕಿದ ಪಲಾವು

ಅಕ್ಕಿಯಲ್ಲಿ ಬಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ಅವು ಕುದಿಗೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಟ್ಟರೆ ಮತ್ತೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ರಾತ್ರಿ ಇಡೀ ಒಲೆಯ ಮೇಲೆ ಬಿಟ್ಟು ಬೆಳಿಗ್ಗೆ ಬಿಸಿ ಮಾಡಿ ತಿನ್ನುವ ರೂಢಿ ಅದಕ್ಕೇ ಒಳ್ಳೆಯದಲ್ಲ. ಊಟವಾದ ಮೇಲೆ, ಎರಡು ಗಂಟೆಯೊಳಗೆ, ಚಪ್ಪಟೆ ಡಬ್ಬಿಯಲ್ಲಿ ತೆಳ್ಳಗೆ ಹರಡಿ ಫ್ರಿಜ್‌ಗೆ ಸೇರಿಸಿ. ಆಳವಾದ ಪಾತ್ರೆಯಲ್ಲೇ ಇಟ್ಟರೆ ನಡುವಿನ ಅನ್ನ ತಣಿಯಲು ಗಂಟೆಗಟ್ಟಲೆ ಬೇಕು. ಮಾರನೆಯ ದಿನ ಬೇಕಾದಷ್ಟನ್ನು ಮಾತ್ರ ತೆಗೆದು, ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಹೊಗೆಯಾಡುವಷ್ಟು ಬಿಸಿ ಮಾಡಿ. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಫ್ರಿಜ್‌ಗೆ ಇಡಬೇಡಿ.